ತಾರೆಗಳ ಮುಪ್ಪನ್ನು ಗುರುತಿಸಿದ ಕಥೆ

ಮನುಷ್ಯನ ವಯಸ್ಸನ್ನು ಅಂದಾಜು ಮಾಡಲು ನಮಗೆ ಯಾವ ಉಪಕರಣವೂ ಬೇಡ. ನೆರೆತ ಕೂದಲು, ಸುಕ್ಕುಗಟ್ಟಿದ ಚರ್ಮ, ಬಾಗಿದ ಬೆನ್ನು ಕಂಡರೆ ಸಾಕು, ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುತ್ತೇವೆ. ಕಡಿದ ಮರದ ವಯಸ್ಸನ್ನು ಕಾಂಡದ ಉಂಗುರಗಳು ಹೇಳುತ್ತವೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಬಾಯಿ ತೆರೆಸಿ, ಹಲ್ಲು ನೋಡಿ, ಇದು ಇನ್ನೆಷ್ಟು ವರ್ಷ ನೊಗ ಹೊತ್ತೀತು ಎಂದು ಲೆಕ್ಕ ಹಾಕುತ್ತಾನೆ. ಆದರೆ ಆಕಾಶದ ನಕ್ಷತ್ರಕ್ಕೆ ಹಲ್ಲಿಲ್ಲ, ಸುಕ್ಕಿಲ್ಲ. ಬರಿಗಣ್ಣಿಗೆ ಎಲ್ಲವೂ ಮಿನುಗುವ ಚುಕ್ಕಿಗಳೇ. ಅವುಗಳಲ್ಲಿ ಎಳೆಯವು ಯಾವುವು, ಮುಪ್ಪಾದವು ಯಾವುವು?

ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಲು ಸುಮಾರು ಇನ್ನೂರು ವರ್ಷಗಳೇ ಬೇಕಾದವು. ಆ ದೀರ್ಘ ದಾರಿಯಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ವೃದ್ಧರನ್ನು ಶಿಶುಗಳೆಂದು ಬಗೆದದ್ದುಂಟು. ಅದೂ ಒಂದು ಬಾರಿಯಲ್ಲ, ಎರಡು ಬಾರಿ. ಕಿರುತೆರೆಯಲ್ಲಿ ಚಿತ್ರಗಳು ಬೇಗ ಸರಿದುಹೋಗುತ್ತವೆ. ವೀಕ್ಷಕರೇ, ಇಲ್ಲಿ ಆ ಕಥೆಯನ್ನು ತುಸು ನಿಧಾನವಾಗಿ, ಮೊದಲಿನಿಂದ ನೋಡೋಣ.

ಒಂದು ದಿನದ ಅತಿಥಿ

ಇಲ್ಲಿರುವ ಮೂಲ ತೊಡಕು ಕಾಲದ್ದು. ನಮ್ಮ ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಅದರ ಒಟ್ಟು ಬಾಳು ಸುಮಾರು ಸಾವಿರ ಕೋಟಿ ವರ್ಷ. ಗೆಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ್ದು 1609ರಲ್ಲಿ. ಅಂದರೆ ನಾವು ನಕ್ಷತ್ರಗಳನ್ನು ಉಪಕರಣಗಳ ಮೂಲಕ ನೋಡುತ್ತಿರುವುದು ನಾಲ್ಕು ಶತಮಾನಗಳಿಂದ ಮಾತ್ರ. ಎಂಬತ್ತು ವರ್ಷ ಬದುಕುವ ವ್ಯಕ್ತಿಯೊಬ್ಬನನ್ನು ನೂರು ಸೆಕೆಂಡು ಮಾತ್ರ ನೋಡಿ ಅವನ ಜೀವನ ಚರಿತ್ರೆಯನ್ನು ಬರೆಯಬೇಕಾದರೆ ಹೇಗಿರುತ್ತದೆ? ಖಗೋಳವಿಜ್ಞಾನಿಯ ಪಾಡು ಹೆಚ್ಚು ಕಡಿಮೆ ಅದೇ.

ಈ ತೊಡಕಿಗೆ ಒಂದು ಉಪಾಯವನ್ನು ಸೂಚಿಸಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲ್. 1789ರಲ್ಲಿ ಅವನು ಆಕಾಶವನ್ನು ಸಮೃದ್ಧವಾದ ತೋಟಕ್ಕೆ ಹೋಲಿಸಿದ. ಒಂದು ಗಿಡ ಮೊಳೆತು, ಬೆಳೆದು, ಹೂ ಬಿಟ್ಟು, ಬಾಡಿ ಹೋಗುವುದನ್ನು ಕಾಯುತ್ತ ಕೂರಬೇಕಾಗಿಲ್ಲ. ತೋಟದಲ್ಲಿ ಬೇರೆ ಬೇರೆ ಹಂತದ ಗಿಡಗಳು ಒಟ್ಟಿಗೇ ಇರುತ್ತವೆ, ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದರೆ ಒಂದೇ ನೋಟದಲ್ಲಿ ಇಡೀ ಬಾಳು ತಿಳಿಯುತ್ತದೆ ಎಂಬುದು ಅವನ ವಾದ. ನಮ್ಮೂರಿಗೆ ಒಂದೇ ದಿನದ ಮಟ್ಟಿಗೆ ಬಂದ ಪರಸ್ಥಳದವನು ತೊಟ್ಟಿಲಿನ ಕೂಸು, ಶಾಲೆಗೆ ಹೊರಟ ಹುಡುಗ, ಹೊಲದಲ್ಲಿ ದುಡಿಯುವ ಗಂಡಾಳು, ಜಗಲಿಯ ಮೇಲೆ ಕುಳಿತ ಅಜ್ಜ ಎಲ್ಲರನ್ನೂ ಕಂಡು ಮನುಷ್ಯನ ಜೀವನಕ್ರಮವನ್ನು ಊಹಿಸಿದ ಹಾಗೆ.

ಉಪಾಯವೇನೋ ಸೊಗಸಾದದ್ದೇ. ಆದರೆ ಅದರಲ್ಲಿ ಒಂದು ಅಪಾಯವಿದೆ. ಕ್ರಮ ಯಾವುದೆಂದು ಮೊದಲೇ ತಿಳಿಯದವನು ಕೂಸು ಯಾವುದು, ಅಜ್ಜ ಯಾರು ಎಂಬುದನ್ನೇ ಅದಲುಬದಲು ಮಾಡಿಬಿಡಬಹುದು. ನಡೆದದ್ದೂ ಹಾಗೆಯೇ.

ಗ್ರಹವಲ್ಲದ ಗ್ರಹೀಯ ನೀಹಾರಿಕೆ

1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲ್ ಮುಂದಿನ ವರ್ಷಗಳಲ್ಲಿ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಶೋಧಿಸುತ್ತ ಹೋದ. ಅವನ ದೂರದರ್ಶಕದಲ್ಲಿ ಅಲ್ಲಲ್ಲಿ ಮಸುಕಾದ, ದುಂಡಗಿನ, ಹಸಿರು ಛಾಯೆಯ ಬಿಲ್ಲೆಗಳು ಕಂಡವು. ನೋಡಲು ಗ್ರಹದ ಬಿಲ್ಲೆಯಂತಿದ್ದುದರಿಂದ ಅವನು ಅವುಗಳನ್ನು ಗ್ರಹೀಯ ನೀಹಾರಿಕೆ ಎಂದು ಕರೆದ. ಅವಕ್ಕೂ ಗ್ರಹಗಳಿಗೂ ಏನೂ ಸಂಬಂಧವಿಲ್ಲ. ಆದರೂ ಹೆಸರು ಇಂದಿಗೂ ಹಾಗೆಯೇ ಉಳಿದುಬಂದಿದೆ. 1790ರಲ್ಲಿ ಅಂತಹ ಒಂದು ನೀಹಾರಿಕೆಯ ನಟ್ಟನಡುವೆ ಒಂದೇ ಒಂದು ನಕ್ಷತ್ರ ಹೊಳೆಯುತ್ತಿರುವುದನ್ನು ಅವನು ಕಂಡ. ಸುತ್ತಲಿನ ಮಸುಕು ದೂರದ ನಕ್ಷತ್ರಗಳ ಗುಂಪಲ್ಲ, ನಿಜವಾಗಿಯೂ ಹೊಳೆಯುವ ದ್ರವ್ಯ ಎಂದು ತೀರ್ಮಾನಿಸಿದ. ಇಷ್ಟರ ಮಟ್ಟಿಗೆ ಅವನದು ಸರಿಯಾದ ತೀರ್ಮಾನವೇ. ಆದರೆ ಆ ದ್ರವ್ಯ ನಡುವಿನ ಕಡೆಗೆ ಸಾಂದ್ರಗೊಂಡು ನಕ್ಷತ್ರವಾಗುತ್ತಿರಬಹುದು ಎಂದು ಅವನು ಯೋಚಿಸಿದ. ಸತ್ಯ ಇದಕ್ಕೆ ತೀರ ವಿರುದ್ಧವಾಗಿತ್ತು. ಅದು ಹುಟ್ಟುತ್ತಿರುವ ನಕ್ಷತ್ರವಲ್ಲ. ಸಾಯುವ ಹೊತ್ತಿಗೆ ತನ್ನ ಮೈಮೇಲಿನ ಹೊದಿಕೆಯನ್ನು ಕಳಚಿ ಎಸೆದಿರುವ ನಕ್ಷತ್ರ.

1864ರ ಆಗಸ್ಟ್ 29ರಂದು ಲಂಡನ್ನಿನ ವಿಲಿಯಂ ಹಗಿನ್ಸ್ ಡ್ರೇಕೋ ನಕ್ಷತ್ರಪುಂಜದಲ್ಲಿರುವ ಗ್ರಹೀಯ ನೀಹಾರಿಕೆಯೊಂದರ ಬೆಳಕನ್ನು ರೋಹಿತದರ್ಶಕದ ಮೂಲಕ ಹಾಯಿಸಿ ನೋಡಿದ. ನಕ್ಷತ್ರದ ಬೆಳಕಾಗಿದ್ದರೆ ಕಾಮನಬಿಲ್ಲಿನ ಬಣ್ಣಗಳ ಪಟ್ಟಿ ಕಾಣಬೇಕಿತ್ತು. ಕಂಡದ್ದು ಕೆಲವೇ ಹೊಳೆಯುವ ಗೆರೆಗಳು. ಅಂದರೆ ಅದು ಬಿಸಿಯಾದ, ತೆಳುವಾದ ಅನಿಲ. ಆ ಗೆರೆಗಳಲ್ಲಿ ಅತಿ ಪ್ರಖರವಾದ ಹಸಿರು ಗೆರೆ ಭೂಮಿಯ ಮೇಲಿನ ಯಾವ ವಸ್ತುವಿಗೂ ಹೊಂದಲಿಲ್ಲ. ಇದು ಹೊಸ ಧಾತುವೇ ಇರಬೇಕೆಂದು ಭಾವಿಸಿ ಅದಕ್ಕೆ ನೆಬ್ಯೂಲಿಯಂ ಎಂಬ ಹೆಸರನ್ನೂ ಕೊಟ್ಟರು. ಆರು ದಶಕಗಳ ಅನಂತರ, 1927ರಲ್ಲಿ, ಅಮೆರಿಕದ ಐರಾ ಬೋವೆನ್ ಆ ಒಗಟನ್ನು ಬಿಡಿಸಿದ. ಅದು ನಾವು ದಿನವೂ ಉಸಿರಾಡುವ ಆಮ್ಲಜನಕವೇ. ಆದರೆ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿ, ನಮ್ಮ ಪ್ರಯೋಗಾಲಯದ ನಿರ್ವಾತಕ್ಕಿಂತಲೂ ತೆಳುವಾದ ಅನಿಲದಲ್ಲಿ ಇರುವಂಥದು. ಈ ಹಸಿರು ಗೆರೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಕೆಂಪು ದೈತ್ಯರ ಬಗೆಗಿನ ಗೊಂದಲ

ಇನ್ನೊಂದು ಕಡೆ ಕೆಂಪು ನಕ್ಷತ್ರಗಳ ಸಮಸ್ಯೆ ಇತ್ತು. 1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಪಾದ್ರಿ ತಿಮಿಂಗಿಲ ನಕ್ಷತ್ರಪುಂಜದಲ್ಲಿ ಒಂದು ತಾರೆ ಹೊಳೆದು ಕೆಲವು ವಾರಗಳಲ್ಲಿ ಮಾಯವಾದುದನ್ನು ಕಂಡಿದ್ದ. ಅದು ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆಂದು ಮುಂದೆ ತಿಳಿಯಿತು. ಬೆರಗು ಹುಟ್ಟಿಸುವಂಥದು ಎಂಬ ಅರ್ಥದಲ್ಲಿ ಅದಕ್ಕೆ ಮೀರಾ ಎಂದು ಹೆಸರಾಯಿತು. ಮಹಾವ್ಯಾಧನ ಹೆಗಲಿನಲ್ಲಿ ಕೆಂಪಗೆ ಹೊಳೆಯುವ ಆರ್ದ್ರಾ ನಮಗೆಲ್ಲ ಪರಿಚಿತವಾದ ಇನ್ನೊಂದು ಕೆಂಪು ತಾರೆ.

ಕೆಂಪು ಬಣ್ಣ ಎಂದರೆ ನಕ್ಷತ್ರದ ಮೇಲ್ಮೈ ತಣ್ಣಗಿದೆ ಎಂದು ಅರ್ಥ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಆರುತ್ತ ಬಂದಂತೆ ಬಿಳುಪಿನಿಂದ ಕೆಂಪಿಗೆ ತಿರುಗುವುದನ್ನು ನಾವು ನೋಡಿದ್ದೇವೆ. ತಣ್ಣಗಿರುವ ವಸ್ತು ಮಂಕಾಗಿರಬೇಕು. ಆದರೂ ಆರ್ದ್ರಾ, ಮೀರಾಗಳಂಥವು ಅಷ್ಟು ದೂರದಿಂದ ಇಷ್ಟು ಪ್ರಕಾಶಮಾನವಾಗಿ ಕಾಣುತ್ತವೆಂದರೆ ಅವುಗಳ ಗಾತ್ರ ಅಗಾಧವಾಗಿರಲೇಬೇಕು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ರೋಹಿತಗಳನ್ನು ವರ್ಗೀಕರಿಸುತ್ತಿದ್ದ ಆಂಟೋನಿಯಾ ಮೋರಿ ಎಂಬ ಮಹಿಳೆ ಕೆಲವು ನಕ್ಷತ್ರಗಳ ರೋಹಿತ ರೇಖೆಗಳು ಉಳಿದವುಗಳಿಗಿಂತ ಸೂಕ್ಷ್ಮವಾಗಿ, ಚೂಪಾಗಿ ಇವೆ ಎಂದು 1897ರಲ್ಲಿಯೇ ಗುರುತಿಸಿ ಅವಕ್ಕೆ ಬೇರೆ ಗುರುತು ಕೊಟ್ಟಿದ್ದರು. ಡೆನ್ಮಾರ್ಕಿನ ಹರ್ಟ್ಸ್‌ಸ್ಪ್ರಂಗ್ 1905ರಲ್ಲಿ ಅದರ ಮಹತ್ವವನ್ನು ತೋರಿಸಿದ: ಚೂಪು ರೇಖೆಯ ನಕ್ಷತ್ರಗಳೆಲ್ಲ ನಿಜವಾಗಿಯೂ ಬಹಳ ಪ್ರಕಾಶಮಾನವಾದವು. ಕಾರಣ ಸರಳವಾದದ್ದು. ದೈತ್ಯ ನಕ್ಷತ್ರದ ಹೊರಮೈ ಬಹಳ ವಿರಳ. ಅಲ್ಲಿ ಪರಮಾಣುಗಳ ತಾಕಲಾಟ ಕಡಿಮೆ. ಆದ್ದರಿಂದ ಗೆರೆಗಳು ಹರಡಿಕೊಳ್ಳುವುದಿಲ್ಲ. ದೂರದಿಂದಲೇ ದೈತ್ಯನನ್ನು ಗುರುತಿಸುವ ಮೊದಲ ವಿಶ್ವಾಸಾರ್ಹ ಚಿಹ್ನೆ ಹೀಗೆ ದೊರೆಯಿತು.

ಆದರೆ ದೈತ್ಯ ಎಂದರೆ ವೃದ್ಧ ಎಂದೇನೂ ಯಾರಿಗೂ ಹೊಳೆಯಲಿಲ್ಲ. ಅಮೆರಿಕದ ಹೆನ್ರಿ ನಾರಿಸ್ ರಸೆಲ್ 1913ರ ಸುಮಾರಿಗೆ ಮಂಡಿಸಿದ ಸಿದ್ಧಾಂತದಲ್ಲಿ ಕೆಂಪು ದೈತ್ಯಗಳೇ ನಕ್ಷತ್ರಗಳ ಬಾಲ್ಯ. ಅಗಾಧವಾದ ತಣ್ಣನೆಯ ಅನಿಲದ ಗೋಳ ಕುಗ್ಗುತ್ತ ಬಿಸಿಯಾಗಿ ಬೆಳ್ಳಗಾಗುತ್ತದೆ. ಅನಂತರ ಆರುತ್ತ ಆರುತ್ತ ಹಳದಿಯಾಗಿ ಕೊನೆಗೆ ಕೆಂಪು ಕುಬ್ಜವಾಗುತ್ತದೆ ಎಂದು ಅವನು ಹೇಳಿದ. ಆ ಕಾಲಕ್ಕೆ ಇದು ತರ್ಕಬದ್ಧವಾಗಿಯೇ ಇತ್ತು. ನಕ್ಷತ್ರ ಏತರಿಂದ ಉರಿಯುತ್ತದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲವಲ್ಲ! ಹೀಗೆ ಗ್ರಹೀಯ ನೀಹಾರಿಕೆಯ ಬಳಿಕ ಕೆಂಪು ದೈತ್ಯವೂ ತೊಟ್ಟಿಲಿಗೆ ಸೇರಿತು.

ಮುಪ್ಪಿನ ಸಾಕ್ಷ್ಯಗಳು

1938-39ರಲ್ಲಿ ಹ್ಯಾನ್ಸ್ ಬೆಥೆ ಮೊದಲಾದವರು ನಕ್ಷತ್ರದ ಗರ್ಭದಲ್ಲಿ ಜಲಜನಕ ಹೀಲಿಯಂ ಆಗಿ ಮಾರ್ಪಡುವಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂಬುದನ್ನು ವಿವರಿಸಿದ ಮೇಲೆ ಚಿತ್ರ ಬದಲಾಯಿತು. ನಕ್ಷತ್ರ ತಣ್ಣಗಾಗುತ್ತಿರುವ ಕೆಂಡವಲ್ಲ, ಇಂಧನ ಉರಿಸುವ ಒಲೆ. ಹಾಗಾದರೆ ಗರ್ಭದ ಸೌದೆ ಮುಗಿದಾಗ ಏನಾಗುತ್ತದೆ? 1952ರಲ್ಲಿ ಸ್ಯಾಂಡೇಜ್ ಮತ್ತು ಶ್ವಾರ್ಜ್‌ಶೀಲ್ಡ್ ಲೆಕ್ಕ ಹಾಕಿ ತೋರಿಸಿದರು: ಹೀಲಿಯಂ ತುಂಬಿದ ಗರ್ಭ ಕುಗ್ಗುತ್ತದೆ, ಹೊರಮೈ ಮಾತ್ರ ಉಬ್ಬುತ್ತದೆ, ಉಬ್ಬಿ ತಣ್ಣಗಾಗಿ ಕೆಂಪಾಗುತ್ತದೆ. ಅಂದರೆ ಕೆಂಪು ದೈತ್ಯ ಬಾಲ್ಯವಲ್ಲ, ಮುಪ್ಪಿನ ಹೊಸ್ತಿಲು.

ಇದಕ್ಕೆ ಪುರಾವೆ ಗೋಳಗುಚ್ಛಗಳಲ್ಲಿತ್ತು. ಒಂದು ಗುಚ್ಛದಲ್ಲಿರುವ ಲಕ್ಷಾಂತರ ನಕ್ಷತ್ರಗಳು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಭಾರವಾದವು ದುಂದುಗಾರರಂತೆ ಇಂಧನವನ್ನು ಬೇಗ ಮುಗಿಸುತ್ತವೆ, ಹಗುರವಾದವು ಮಿತವ್ಯಯಿಗಳಂತೆ ಬಹುಕಾಲ ಬಾಳುತ್ತವೆ. ಹಳೆಯ ಗುಚ್ಛಗಳ ಬಣ್ಣ ಮತ್ತು ಪ್ರಕಾಶಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಭಾರವಾದ ನಕ್ಷತ್ರಗಳು ಸಾಮಾನ್ಯ ಸಾಲಿನಿಂದ ಮಾಯವಾಗಿದ್ದವು. ಅಲ್ಲಿಂದ ಕವಲೊಡೆದ ಕೊಂಬೆಯೊಂದು ಕೆಂಪು ದೈತ್ಯಗಳ ಕಡೆಗೆ ಹೋಗಿತ್ತು. ಹರ್ಷೆಲ್ ಹೇಳಿದ ತೋಟದಲ್ಲಿ ಗಿಡಗಳನ್ನು ಜೋಡಿಸುವ ಸರಿಯಾದ ಕ್ರಮ ಹೀಗೆ ಕೈಗೆ ಸಿಕ್ಕಿತು.

ಅದೇ 1952ರಲ್ಲಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯಗಳ ರೋಹಿತದಲ್ಲಿ ಟೆಕ್ನೀಷಿಯಂ ಎಂಬ ಧಾತುವನ್ನು ಕಂಡ. ಈ ವಿಕಿರಣಶೀಲ ಧಾತುವಿನಲ್ಲಿ ನಕ್ಷತ್ರಗಳೊಳಗೆ ತಯಾರಾಗುವ ಬಗೆಯದು ಸುಮಾರು ಎರಡು ಲಕ್ಷ ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸಿಬಿಡುತ್ತದೆ. ನಕ್ಷತ್ರ ಹುಟ್ಟಿದಾಗ ಬಂದದ್ದಾದರೆ ಅದು ಎಂದೋ ಇಲ್ಲವಾಗಬೇಕಿತ್ತು. ಆದ್ದರಿಂದ ಅದು ಅಲ್ಲಿಯೇ, ಇತ್ತೀಚೆಗೆ ತಯಾರಾಗಿ, ಒಳಗಿನಿಂದ ಮೇಲ್ಮೈಗೆ ಉಕ್ಕಿ ಬಂದದ್ದಾಗಿರಬೇಕು. ವಯಸ್ಸಾದ ನಕ್ಷತ್ರ ಸುಮ್ಮನೆ ಸೊರಗುವುದಿಲ್ಲ. ಹೊಸ ಧಾತುಗಳನ್ನು ಬೇಯಿಸುತ್ತದೆ ಎಂದಾಯಿತು. ನಮ್ಮ ಮೈಯಲ್ಲಿರುವ ಇಂಗಾಲದ ಬಹುಭಾಗ ಇಂತಹ ಮುಪ್ಪಾದ ನಕ್ಷತ್ರಗಳ ಅಡುಗೆಯೇ.

1956ರಲ್ಲಿ ಇನ್ನೆರಡು ಸಂಗತಿಗಳು ಕೂಡಿಬಂದವು. ಹರ್ಕ್ಯುಲಿಸ್ ಪುಂಜದ ಕೆಂಪು ದೈತ್ಯವೊಂದರಿಂದ ಅನಿಲ ಹೊರಕ್ಕೆ ಹರಿದುಹೋಗುತ್ತಿದೆ ಎಂಬುದನ್ನು ಆರ್ಮಿನ್ ಡಾಯ್ಚ್ ತೋರಿಸಿದ. ಗ್ರಹೀಯ ನೀಹಾರಿಕೆಗಳು ಕೆಂಪು ದೈತ್ಯಗಳ ಮುಂದಿನ ಹಂತವೆಂದೂ ಅವುಗಳ ನಡುವಿನ ನಕ್ಷತ್ರ ಮುಂದೆ ಶ್ವೇತಕುಬ್ಜವಾಗುತ್ತದೆಂದೂ ರಷ್ಯಾದ ಷ್ಕ್ಲಾವ್‌ಸ್ಕಿ ವಾದಿಸಿದ. ಶ್ವೇತಕುಬ್ಜಗಳ ಪರಿಚಯ ಅದಕ್ಕೂ ಮೊದಲೇ ಇತ್ತು. ಲುಬ್ಧಕ ನಕ್ಷತ್ರದ ಸಣ್ಣ ಸಂಗಾತಿಯನ್ನು 1862ರಲ್ಲಿ ಕಂಡಿದ್ದರು. ಅದು ಭೂಮಿಯಷ್ಟು ಚಿಕ್ಕದು, ಸೂರ್ಯನಷ್ಟು ಭಾರ. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆ ಕುಬ್ಜಗಳ ಭಾರಕ್ಕೆ ಒಂದು ಮಿತಿ ಇದೆಯೆಂದು ಲೆಕ್ಕ ಹಾಕಿದರು. ಇಂದಿನ ಲೆಕ್ಕದಲ್ಲಿ ಅದು ಸೂರ್ಯನ ಸುಮಾರು 1.4 ಪಟ್ಟು. ಆ ಸಂಶೋಧನೆಗೆ ನೊಬೆಲ್ ಪುರಸ್ಕಾರ ಬರಲು 1983ರವರೆಗೆ ಕಾಯಬೇಕಾಯಿತು.

ಕಾಣೆಯಾದ ಕೊಂಡಿ

ಇಷ್ಟರಲ್ಲಿ ಸೂರ್ಯನಂತಹ ನಕ್ಷತ್ರದ ಕೊನೆಗಾಲದ ಸರಪಳಿ ಬಹುಮಟ್ಟಿಗೆ ಸಿದ್ಧವಾಗಿತ್ತು: ಕೆಂಪು ದೈತ್ಯ, ಗ್ರಹೀಯ ನೀಹಾರಿಕೆ, ಶ್ವೇತಕುಬ್ಜ. ಆದರೆ ಮೊದಲ ಎರಡರ ನಡುವೆ ಒಂದು ಕೊಂಡಿ ಕಾಣೆಯಾಗಿತ್ತು. ಮೂರು ಸಾವಿರ ಡಿಗ್ರಿ ಉಷ್ಣತೆಯ ಉಬ್ಬಿದ ಕೆಂಪು ನಕ್ಷತ್ರ ತನ್ನ ಹೊದಿಕೆಯನ್ನು ಕಳಚಿ, ಮೂವತ್ತು ಸಾವಿರ ಡಿಗ್ರಿಯ ಪುಟ್ಟ ನೀಲಿ ನಕ್ಷತ್ರವಾಗುವ ನಡುವಿನ ಅವಧಿಯಲ್ಲಿ ಹೇಗಿರುತ್ತದೆ? ಸಿದ್ಧಾಂತದ ಪ್ರಕಾರ ಈ ಅವಧಿ ಕೆಲವು ಸಾವಿರ ವರ್ಷ. ನಕ್ಷತ್ರದ ಬಾಳಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಂಥವು ಇರುವುದೇ ಅಪರೂಪ. ಸಾಲದ್ದಕ್ಕೆ, ಅದು ತಾನೇ ಉಗುಳಿದ ಧೂಳಿನ ಮರೆಯಲ್ಲಿ ಅಡಗಿರುತ್ತದೆ.

ಧೂಳು ನಕ್ಷತ್ರದ ಬೆಳಕನ್ನು ಹೀರಿಕೊಂಡರೂ ಆ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಬಿಸಿಲಿಗೆ ಕಾದ ಗೋಡೆ ಸಂಜೆ ಶಾಖ ಸೂಸುವಂತೆ, ಧೂಳು ಅದನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. ಈ ಕಿರಣಗಳ ಬಹುಭಾಗವನ್ನು ನಮ್ಮ ವಾಯುಮಂಡಲ ತಡೆಯುವುದರಿಂದ ಅವನ್ನು ಹಿಡಿಯಲು ಆಕಾಶಕ್ಕೇ ಹೋಗಬೇಕು. 1983ರ ಜನವರಿಯಲ್ಲಿ ಅಮೆರಿಕ, ನೆದರ್‌ಲೆಂಡ್ಸ್ ಮತ್ತು ಬ್ರಿಟನ್ ಸೇರಿ ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದವು. ದ್ರವ ಹೀಲಿಯಂನಿಂದ ತಣ್ಣಗಿರಿಸಿದ್ದ ಅದರ ದೂರದರ್ಶಕ ಹತ್ತು ತಿಂಗಳು ಕೆಲಸ ಮಾಡಿ, ಸುಮಾರು ಎರಡೂವರೆ ಲಕ್ಷ ಅವಕೆಂಪು ಆಕರಗಳ ಪಟ್ಟಿಯನ್ನು ಕೊಟ್ಟಿತು.

ಈ ಪಟ್ಟಿಯಲ್ಲಿ ಕಾಣೆಯಾದ ಕೊಂಡಿಯನ್ನು ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎಂ. ಪಾರ್ಥಸಾರಥಿ ಪ್ರಮುಖರು. ನೆದರ್‌ಲೆಂಡ್ಸಿನ ಸ್ಟುವರ್ಟ್ ಪೊಟಾಷ್ ಅವರೊಡನೆ 1986ರಲ್ಲಿ ಅವರು ಪ್ರಕಟಿಸಿದ ಲೇಖನ ಎಚ್‌ಡಿ 161796 ಎಂಬ ನಕ್ಷತ್ರವನ್ನೂ ಅದರಂತಹ ಇತರ ನಕ್ಷತ್ರಗಳನ್ನೂ ಕುರಿತದ್ದು. ಅದರ ರೋಹಿತವನ್ನು ನೋಡಿದರೆ ಚೂಪು ರೇಖೆಗಳ ಮಹಾದೈತ್ಯ. ಮಹಾದೈತ್ಯ ಎಂದರೆ ಸಾಮಾನ್ಯವಾಗಿ ಸೂರ್ಯನ ಹಲವು ಪಟ್ಟು ಭಾರದ, ಅಲ್ಪಾಯುಷಿಯಾದ ನಕ್ಷತ್ರ. ಅಂಥವು ಆಕಾಶಗಂಗೆಯ ತಟ್ಟೆಯೊಳಗೆ, ಹುಟ್ಟಿದ ಜಾಗದ ಹತ್ತಿರವೇ ಇರುತ್ತವೆ. ಆದರೆ ಈ ನಕ್ಷತ್ರ ತಟ್ಟೆಯಿಂದ ಬಹಳ ದೂರದಲ್ಲಿದೆ. ಅಷ್ಟು ದೂರ ಸಾಗಲು ಅಲ್ಪಾಯುಷಿಗೆ ಕಾಲವೆಲ್ಲಿ? ಐರಾಸ್ ದಾಖಲೆಯನ್ನು ನೋಡಿದಾಗ ಅದರ ಸುತ್ತ ತಣ್ಣನೆಯ ಧೂಳಿನ ಕವಚ ಇರುವುದು ಸ್ಪಷ್ಟವಾಯಿತು. ಅದರ ಬೆಳಕಿನ ಹಂಚಿಕೆಯಲ್ಲಿ ಒಂಟೆಯ ಬೆನ್ನಿನಂತೆ ಎರಡು ಡುಬ್ಬ: ಒಂದು ನಕ್ಷತ್ರದ್ದು, ಇನ್ನೊಂದು ಧೂಳಿನದು. ಯಕ್ಷಗಾನದಲ್ಲಿ ಸಾಮಾನ್ಯ ಮೈಕಟ್ಟಿನ ಕಲಾವಿದ ಬಣ್ಣದ ವೇಷ ಕಟ್ಟಿ ರಂಗ ತುಂಬುವ ರಾಕ್ಷಸನಾಗುವಂತೆ, ಸೂರ್ಯನಂತಹ ಸಾಧಾರಣ ಭಾರದ ವೃದ್ಧ ನಕ್ಷತ್ರವೇ ಇಲ್ಲಿ ಮಹಾದೈತ್ಯನ ವೇಷದಲ್ಲಿ ನಿಂತಿತ್ತು. ಧೂಳಿನ ಕವಚ ವೇಷವನ್ನು ಬಯಲು ಮಾಡಿತು. ಈ ಗುರುತಿನ ಸಹಾಯದಿಂದ ಮುಂದೆ ಇಂತಹ ನಕ್ಷತ್ರಗಳು ಒಂದರ ಹಿಂದೊಂದು ಪತ್ತೆಯಾದವು.

ನಮ್ಮ ಕಣ್ಣೆದುರೇ ಬದಲಾದ ತಾರೆ

ಹೀಗೆ ಪತ್ತೆಯಾದವುಗಳಲ್ಲಿ ಒಂದು ವೃಶ್ಚಿಕದ ಬಾಲದ ಕೆಳಗೆ, ದಕ್ಷಿಣ ಆಕಾಶದ ಏರಾ ನಕ್ಷತ್ರಪುಂಜದಲ್ಲಿದೆ. ಪಟ್ಟಿಗಳಲ್ಲಿ ಅದರ ಹೆಸರು ಎಸ್‌ಎಒ 244567. ಕಾರ್ಲ್ ಹೆನೈಜ್ ಎಂಬ ಅಮೆರಿಕದ ವಿಜ್ಞಾನಿ ದಕ್ಷಿಣ ಆಫ್ರಿಕದಲ್ಲಿ ತೆಗೆದ ಚಿತ್ರಗಳಿಂದ, ಜಲಜನಕದ ಕೆಂಪು ಗೆರೆಯನ್ನು ಹೊರಸೂಸುವ ನಕ್ಷತ್ರಗಳ ಪಟ್ಟಿಯೊಂದನ್ನು ತಯಾರಿಸಿದ್ದ. ಅದರಲ್ಲಿ ಇದೂ ಒಂದು. ಈ ಹೆನೈಜ್ ಮುಂದೆ ಗಗನಯಾತ್ರಿಯಾಗಿ 1985ರಲ್ಲಿ ಚಾಲೆಂಜರ್ ನೌಕೆಯಲ್ಲಿ ಹಾರಿದ. 1993ರಲ್ಲಿ ಎವರೆಸ್ಟ್ ಯಾತ್ರೆಯಲ್ಲಿ ತೀರಿಕೊಂಡ.

1971ರಲ್ಲಿ ತೆಗೆದ ರೋಹಿತದ ಪ್ರಕಾರ ಅದು ನೀಲಿಬಣ್ಣದ ಬಿ ವರ್ಗದ ನಕ್ಷತ್ರ. ಗ್ರಹೀಯ ನೀಹಾರಿಕೆಯ ಹಸಿರು ಗೆರೆ ಅದರಲ್ಲಿರಲಿಲ್ಲ. 1990ರ ದಶಕದ ಆರಂಭದಲ್ಲಿ ಪಾರ್ಥಸಾರಥಿ ಮತ್ತು ಅವರ ಸಂಗಡಿಗರು ಅದನ್ನು ಪುನಃ ನೋಡಿದಾಗ ಹಸಿರು ಗೆರೆ ಪ್ರಖರವಾಗಿ ಹೊಳೆಯುತ್ತಿತ್ತು! ಎರಡು ದಶಕಗಳಲ್ಲಿ ನಕ್ಷತ್ರ ಎಷ್ಟು ಬಿಸಿಯಾಗಿತ್ತೆಂದರೆ, ಅದರ ಅತಿನೇರಳೆ ಕಿರಣಗಳು ಸುತ್ತಲಿನ ಅನಿಲವನ್ನು ಬೆಳಗಿಸತೊಡಗಿದ್ದವು. ಕಳೆದ ನಲವತ್ತು ವರ್ಷಗಳೊಳಗೆ ಗ್ರಹೀಯ ನೀಹಾರಿಕೆಯಾಗಿ ಮಾರ್ಪಟ್ಟ ನಕ್ಷತ್ರ ಇದು ಎಂದು 1993ರಲ್ಲಿ ಅವರು ಪ್ರಕಟಿಸಿದರು. ಹಬಲ್ ದೂರದರ್ಶಕ 1996ರಲ್ಲಿ ತೆಗೆದ ಚಿತ್ರದಲ್ಲಿ ಆ ಪುಟ್ಟ ನೀಹಾರಿಕೆಯ ಆಕಾರ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ಅದು ತೊರಕೆ ಮೀನಿನಂತೆ ಇದ್ದುದರಿಂದ ಸ್ಟಿಂಗ್‌ರೇ ನೀಹಾರಿಕೆ ಎಂದು ಹೆಸರಾಯಿತು. ಆಗ ತಿಳಿದಿದ್ದ ಗ್ರಹೀಯ ನೀಹಾರಿಕೆಗಳಲ್ಲೆಲ್ಲ ಇದೇ ಅತ್ಯಂತ ಎಳೆಯದು.

ಸಾವಿರಾರು ವರ್ಷ ಹಿಡಿಯಬೇಕಾದ ಬದಲಾವಣೆ ಮನುಷ್ಯನ ಅರ್ಧ ಆಯುಷ್ಯದಲ್ಲಿ ನಡೆದದ್ದು ಸಿದ್ಧಾಂತಿಗಳಿಗೆ ತಲೆನೋವಾಯಿತು. ಮುಂದೆ ನಡೆದದ್ದು ಇನ್ನೂ ವಿಚಿತ್ರ. ಜರ್ಮನಿಯ ನಿಕೋಲ್ ರೈಂಡಲ್ ಮತ್ತು ಸಂಗಡಿಗರು 2014ರಲ್ಲಿಯೂ 2017ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳ ಪ್ರಕಾರ 1988ರಲ್ಲಿ ಸುಮಾರು 38,000 ಡಿಗ್ರಿ ಇದ್ದ ಉಷ್ಣತೆ 2002ರ ಹೊತ್ತಿಗೆ 60,000 ಡಿಗ್ರಿಗೆ ಏರಿತು. ಆಮೇಲೆ ಇಳಿಯತೊಡಗಿ 2015ರಲ್ಲಿ 50,000 ಡಿಗ್ರಿಗೆ ಬಂತು. ನಕ್ಷತ್ರ ಹಿಂದಕ್ಕೆ ಹೊರಟಿತ್ತು! ಆರುತ್ತಿರುವ ಒಲೆಯಲ್ಲಿ ಮೂಲೆಗೆ ಸಿಕ್ಕಿದ್ದ ಚೂರು ಸೌದೆ ಥಟ್ಟನೆ ಹೊತ್ತಿಕೊಳ್ಳುವಂತೆ, ಗರ್ಭದ ಸುತ್ತ ಉಳಿದಿದ್ದ ಹೀಲಿಯಂ ಒಮ್ಮೆ ಭುಗಿಲೆದ್ದಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ. ಹಾಗಾದರೆ ನಕ್ಷತ್ರ ಕೆಲಕಾಲ ಮತ್ತೆ ಉಬ್ಬಿ ದೈತ್ಯವಾಗುವ ಸಂಭವವಿದೆ.

ಇಂಥ ಮರುಹುಟ್ಟಿನ ಉದಾಹರಣೆ ಬೇರೆಯೂ ಇದೆ. 1996ರ ಫೆಬ್ರವರಿಯಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಯುಕಿಯೊ ಸಕುರಾಯ್ ಧನು ರಾಶಿಯಲ್ಲಿ ಹೊಸದಾಗಿ ಬೆಳಗಿದ ತಾರೆಯನ್ನು ಕಂಡ. ಅದರ ಮೇಲ್ಮೈಯ ಧಾತುಗಳ ಪ್ರಮಾಣ ತಿಂಗಳುಗಳ ಅಂತರದಲ್ಲಿ ಬದಲಾಗುತ್ತಿದೆ ಎಂದು ಅಳೆದು ತೋರಿಸಿದ ತಂಡದಲ್ಲಿ ಬೆಂಗಳೂರಿನ ಅದೇ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಇದ್ದರು.

ಸ್ಟಿಂಗ್‌ರೇಯ ಕಥೆಗೆ ಇನ್ನೊಂದು ತಿರುವು ಉಳಿದಿತ್ತು. ಹಬಲ್ 1996ರಲ್ಲಿ ಮತ್ತು 2016ರಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಆ ಹಸಿರು ಗೆರೆ ಸುಮಾರು ಸಾವಿರ ಪಟ್ಟು ಮಂಕಾಗಿದೆ ಎಂದು 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ನಕ್ಷತ್ರ ತಣ್ಣಗಾದ ಮೇಲೆ ಆಮ್ಲಜನಕವನ್ನು ಬೆಳಗಿಸುವ ಕಿರಣಗಳು ಸಾಲದೇ ಹೋದವು. ಇನ್ನು ಎರಡು ಮೂರು ದಶಕಗಳಲ್ಲಿ ಆ ನೀಹಾರಿಕೆ ಕಾಣಸಿಗುವುದೇ ಕಷ್ಟವಾಗಬಹುದೆಂದು ಆಗ ಅಂದಾಜು ಮಾಡಲಾಯಿತು. ಹರ್ಷೆಲ್‌ನ ತೋಟದಲ್ಲಿ ಒಂದು ಹೂವು ಮಾತ್ರ ನಾವು ನೋಡುತ್ತಿದ್ದಂತೆಯೇ ಅರಳಿ ಬಾಡಿತು.

ಗಾಜಿನ ಫಲಕಗಳ ಸಾಕ್ಷಿ

ಈ ಕಥೆಯಲ್ಲಿ ದೊಡ್ಡ ದೂರದರ್ಶಕಗಳ, ಉಪಗ್ರಹಗಳ ಪಾತ್ರ ದೊಡ್ಡದು, ನಿಜ. ಆದರೆ ಸದ್ದಿಲ್ಲದೆ ನಿಂತಿರುವ ಇನ್ನೊಂದು ಪಾತ್ರವನ್ನು ನಾವು ಮರೆಯಬಾರದು. 1971ರ ರೋಹಿತವನ್ನು ಯಾರೂ ತೆಗೆದಿರದಿದ್ದರೆ, ತೆಗೆದದ್ದನ್ನು ದಾಖಲಿಸಿ ಇಡದಿದ್ದರೆ, ಸ್ಟಿಂಗ್‌ರೇ ಬದಲಾಗಿದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಇನ್ನೊಂದು ಮಾಮೂಲಿ ಗ್ರಹೀಯ ನೀಹಾರಿಕೆ ಎಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತಿದ್ದೆವು. ಆ ತಾರೆಯ ಹಿಂದಿನ ಪ್ರಕಾಶವನ್ನು ತಿಳಿಯಲು 2015ರಲ್ಲಿ ಸಂಶೋಧಕರು ಮೊರೆಹೋದದ್ದು ಹಾರ್ವರ್ಡ್‌ನ ಹಳೆಯ ಗಾಜಿನ ಛಾಯಾಫಲಕಗಳಿಗೆ. ಅಂತಹ ಸುಮಾರು 5 ಲಕ್ಷ ಫಲಕಗಳು ಅಲ್ಲಿ ಜೋಪಾನವಾಗಿವೆ. 1889ರಿಂದ ಸುಮಾರು 1980ರವರೆಗೆ ತಾರೆ ನಿಧಾನವಾಗಿಯೂ ಅಲ್ಲಿಂದ ಮುಂದೆ ಶೀಘ್ರವಾಗಿಯೂ ಮಂಕಾದುದು ಅವುಗಳಿಂದ ಗೊತ್ತಾಯಿತು. 1889ರಲ್ಲಿ ಆ ಫಲಕವನ್ನು ಬೆಳಕಿಗೊಡ್ಡಿದವರಿಗೆ ಈ ತಾರೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

ಭಾರವಾದ ನಕ್ಷತ್ರಗಳ ವಿಷಯದಲ್ಲೂ ಹೀಗೆಯೇ ಆಗಿದೆ. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗಲನ್ ಮೋಡದಲ್ಲಿ ಒಂದು ನಕ್ಷತ್ರ ಸಿಡಿದಾಗ, ಸಿಡಿದದ್ದು ಯಾವುದು ಎಂದು ತಿಳಿದದ್ದು ಸಂಡುಲೀಕ್ ಎಂಬಾತ ಹಿಂದೆಯೇ ತಯಾರಿಸಿದ್ದ ಪಟ್ಟಿಯಿಂದ. ಸಿಡಿಯುವುದು ಕೆಂಪು ಮಹಾದೈತ್ಯವೇ ಎಂಬ ನಿರೀಕ್ಷೆಯಿತ್ತು. ಪಟ್ಟಿಯಲ್ಲಿದ್ದದ್ದು ನೀಲಿ ಮಹಾದೈತ್ಯ. ಸಿದ್ಧಾಂತವನ್ನೇ ತಿದ್ದಬೇಕಾಯಿತು.

ನಮ್ಮಲ್ಲೂ ಇಂಥ ಆಸ್ತಿ ಇದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ದಿನದಿನವೂ ತೆಗೆದ ಸೂರ್ಯನ ಛಾಯಾಫಲಕಗಳನ್ನು ಈಗ ಗಣಕದ ದಾಖಲೆಗಳಾಗಿ ಪರಿವರ್ತಿಸಲಾಗಿದೆ. ವೈನು ಬಾಪ್ಪು ಅವರು ಕಟ್ಟಿ ಬೆಳೆಸಿದ ಕಾವಲೂರಿನ ವೀಕ್ಷಣಾಲಯದಲ್ಲಿ 1986ರಿಂದ 2.34 ಮೀಟರ್ ವ್ಯಾಸದ ದೂರದರ್ಶಕ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದಲೇ ನಡೆಸುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಎನ್‌ಜಿಸಿ 40 ಎಂಬ ಗ್ರಹೀಯ ನೀಹಾರಿಕೆಯ ಸುತ್ತ ಅಲ್ಲಿಯವರೆಗೆ ಯಾರೂ ಕಾಣದ ವಿಸ್ತಾರವಾದ ಪ್ರಭೆಯನ್ನು ತೋರಿಸಿತು. ಈ ಅಧ್ಯಯನವನ್ನು ನಡೆಸಿದವರು ಕಾಮೇಶ್ವರ ರಾವ್ ಮತ್ತು ಸಂಗಡಿಗರೇ.

ಸೂರ್ಯನಿಗೂ ಈ ಗತಿ ತಪ್ಪಿದ್ದಲ್ಲ. ಆದರೆ ಅದಕ್ಕೆ ಇನ್ನೂ ಸುಮಾರು 500 ಕೋಟಿ ವರ್ಷಗಳಿವೆ, ವೀಕ್ಷಕರು ಗಾಬರಿಯಾಗಬೇಕಾಗಿಲ್ಲ. ನಮ್ಮ ಪಾಲಿಗೆ ಬಂದಿರುವ ಕೆಲಸ ಬೇರೆ. ಇಂದು ರಾತ್ರಿ ಯಾವುದೋ ವೀಕ್ಷಣಾಲಯದಲ್ಲಿ ಒಬ್ಬ ತರುಣಿಯೋ ತರುಣನೋ ಒಂದು ಮಾಮೂಲಿ ನಕ್ಷತ್ರದ ರೋಹಿತವನ್ನು ತೆಗೆದು, ದಿನಾಂಕ ಮತ್ತು ವೇಳೆಯನ್ನು ಬರೆದು, ದಾಖಲೆಯಲ್ಲಿ ಸೇರಿಸುತ್ತಿರಬಹುದು. ಅದರ ಬೆಲೆ ತಿಳಿಯುವುದು ಐವತ್ತು ವರ್ಷಗಳ ಮೇಲೆ ಇನ್ನೊಬ್ಬರಿಗೆ. ಅಲ್ಲಿಯವರೆಗೆ ಆ ದಾಖಲೆಯನ್ನು ಧೂಳು ಹಿಡಿಯದಂತೆ, ಅಳಿಸಿಹೋಗದಂತೆ ಕಾಪಾಡಿ ದಾಟಿಸುವುದೂ ವಿಜ್ಞಾನದ ಕೆಲಸವೇ ಎಂಬುದನ್ನು ಈ ಮುಪ್ಪಿನ ತಾರೆಗಳು ನಮಗೆ ತಿಳಿಸಿಕೊಟ್ಟಿವೆ.